ಸೊಟ್ಟ ಗೋಡೆಗೆ ಕೇಸಿಂಗ್ ಪಟ್ಟಿ ಸರಿಯಾಗಿ ಕೂರಬೇಕಾದರೆ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಜ್ಜನ ಕಾಲದ ಹಂಚಿನ ಮನೆ. ಕೆಂಪುಕಲ್ಲಿನ ಗೋಡೆ, ಮೇಲೆ ಗಾರೆ, ಅದರ ಮೇಲೆ ವರ್ಷ ವರ್ಷ ಹೊಡೆದ ಸುಣ್ಣ. ಚಾವಡಿಯಲ್ಲಿರುವ ಮೋಡೆಮ್‌ನಿಂದ ಉಪ್ಪರಿಗೆಯ ಕೋಣೆಗೆ ಮಗುವಿನ ಆನ್‌ಲೈನ್ ಕ್ಲಾಸಿಗಾಗಿ ಒಂದು ಇಂಟರ್ನೆಟ್ ಕೇಬಲ್, ಜೊತೆಗೆ ಅಲ್ಲಿಗೊಂದು ಪ್ಲಗ್ ಪಾಯಿಂಟ್ ಬೇಕು. ವೈರು ಒಳಗೆ ಹಾಕಿ ಮುಚ್ಚಳ ಮುಚ್ಚುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯನ್ನು ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದೆವು, ಮಳೆಗಾಲ ಶುರುವಾದ ಮೇಲೆ ಎಲ್ಲ ಉದುರಿತು. ಸ್ಕ್ರೂ ಹಾಕಿದರೆ ಕೆಲವು ಕಡೆ ಸುಮ್ನೆ ತಿರುಗುತ್ತದೆ, ಹಿಡಿಯುವುದಿಲ್ಲ. ಹಿಡಿದ ಕಡೆ ಪಟ್ಟಿ ಸೊಟ್ಟಗಾಗಿ ಮುಚ್ಚಳ ಎದ್ದು ಬರುತ್ತದೆ, ಗೋಡೆಗೂ ಪಟ್ಟಿಗೂ ನಡುವೆ ಬೆರಳು ಹೋಗುವಷ್ಟು ಸಂದು. ಗೋಡೆ ಕೊರೆದು ಪೈಪು ಒಳಗೆ ಹಾಕಿಸುವುದೇ ಒಳ್ಳೆಯದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳುತ್ತೇನೆ. ಆ ಗೋಡೆಯನ್ನು ಕೊರೆಸಬೇಡಿ. ಆ ಕಾಲದ ಗೋಡೆಯಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಇರುವುದು ಹೆಚ್ಚಾಗಿ ಮಣ್ಣು, ಸಿಮೆಂಟ್ ಅಲ್ಲ. ಗ್ರೈಂಡರ್ ಇಟ್ಟು ಅಡ್ಡಕ್ಕೆ ಕಾಲುವೆ ಹೊಡೆದರೆ ಗಾರೆ ಒಂದೇ ಗೆರೆಯಲ್ಲಿ ಬಿಡುವುದಿಲ್ಲ, ಅಂಗೈ ಅಗಲದ ಹಕ್ಕಳೆಗಳಾಗಿ ಕಳಚುತ್ತದೆ. ಅದನ್ನು ಮುಚ್ಚಲು ಸಿಮೆಂಟ್ ಮೆತ್ತುತ್ತಾರೆ. ಮಣ್ಣು ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಹೀರಿಕೊಂಡು ಬೇಸಿಗೆಯಲ್ಲಿ ಬಿಡುವಂಥದ್ದು. ನಡುವೆ ಗಟ್ಟಿ ಸಿಮೆಂಟಿನ ಒಂದು ಪಟ್ಟೆ ಬಂದರೆ ಅದು ಹೊಂದಿಕೊಳ್ಳುವುದಿಲ್ಲ, ಅಂಚಿನಲ್ಲಿ ಬಿರುಕು ಬಿಟ್ಟು ಕೊನೆಗೆ ಇಡೀ ಪಟ್ಟೆಯೇ ಟೊಳ್ಳಾಗುತ್ತದೆ. ಅಂಥ ಮನೆಗೆ ವೈರು ಹೊರಗೇ ಇರುವುದು ಒಳ್ಳೆಯದು. ರಿಪೇರಿಗೂ ಸುಲಭ.

ಈಗ ನಿಮ್ಮ ಮೂರು ತೊಂದರೆಗಳು. ಮೂರಕ್ಕೂ ಕಾರಣ ಬೇರೆ ಬೇರೆ. ಎಲ್ಲವನ್ನೂ ಇನ್ನೂ ಗಟ್ಟಿ ಅಂಟು, ಇನ್ನೂ ಜಾಸ್ತಿ ಸ್ಕ್ರೂ ಹಾಕಿ ಸರಿಮಾಡಲು ಹೋಗುವುದರಿಂದಲೇ ಕೆಲಸ ಕೆಡುವುದು.

ಟೇಪ್ ಯಾಕೆ ಬಿತ್ತು? ಬಿದ್ದ ಪಟ್ಟಿಯ ಹಿಂಭಾಗ ನೋಡಿ. ಟೇಪ್ ಮೇಲೆ ಬಿಳಿ ಹುಡಿ ಒಂದು ಪದರ ಕೂತಿರುತ್ತದೆ. ಅಂದರೆ ಟೇಪು ಸೋತಿಲ್ಲ, ಅದು ಹಿಡಿದದ್ದು ಸುಣ್ಣದ ಹುಡಿಯನ್ನು, ಗೋಡೆಯನ್ನಲ್ಲ. ಕಪ್ಪು ಬಟ್ಟೆಯಿಂದ ಗೋಡೆ ಒರೆಸಿ, ಬಟ್ಟೆ ಬಿಳಿಯಾದರೆ ಅಲ್ಲಿ ಯಾವ ಅಂಟೂ ನಿಲ್ಲುವುದಿಲ್ಲ. ಸಿಲಿಕೋನೂ ಅಷ್ಟೇ, ಹಾಟ್ ಗ್ಲೂ ಅಂತೂ ಕೇಳಲೇಬೇಡಿ. ಇದರ ಮೇಲೆ ನಮ್ಮ ಮಳೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಹಳೇ ಗೋಡೆ ಒಳಗಿಂದಲೇ ತೇವವಾಗಿರುತ್ತದೆ. ಫೋಮ್ ಟೇಪು ನಯವಾದ, ಒಣಗಿದ, ಹುಡಿ ಇಲ್ಲದ ಮೇಲ್ಮೈಗೆ ಮಾಡಿದ್ದು. ಟೈಲ್ಸ್, ಗಾಜು, ಪೇಂಟ್ ಹೊಡೆದ ಮರ, ಇವಕ್ಕೆ ಸರಿ. ನಿಮ್ಮ ಗೋಡೆಗೆ ಅಲ್ಲ. ಇನ್ನೊಂದು ಬ್ರಾಂಡ್ ತಂದು ನೋಡುವ ಖರ್ಚೂ ಬೇಡ.

ಮುಚ್ಚಳ ಯಾಕೆ ಎದ್ದು ಬರುತ್ತದೆ? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಮುಚ್ಚಳದ ಕ್ವಾಲಿಟಿ ಸರಿ ಇಲ್ಲ ಎಂದು ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗುತ್ತಾರೆ. ಪಟ್ಟಿಯ ತಳ ಅಂದರೆ ಮೂರು ಬದಿಯ ಒಂದು ಕಾಲುವೆ, ಅದರ ಎರಡು ಗೋಡೆಗಳ ತುದಿಯಲ್ಲಿ ಸಣ್ಣ ಕೊಕ್ಕೆ. ಮುಚ್ಚಳ ಆ ಎರಡು ಕೊಕ್ಕೆಗೆ ಕಚ್ಚಿಕೊಂಡು ನಿಲ್ಲುತ್ತದೆ, ಬೇರೆ ಏನೂ ಆಧಾರ ಇಲ್ಲ. ಗೋಡೆಯಲ್ಲಿ ತಗ್ಗು ಇರುವ ಕಡೆ ಸ್ಕ್ರೂ ಬಿಗಿ ಮಾಡಿದರೆ ತಳ ಆ ತಗ್ಗಿನೊಳಗೆ ಎಳೆದುಕೊಳ್ಳುತ್ತದೆ. ತಳ ಉದ್ದಕ್ಕೂ ಬಾಗುತ್ತದೆ, ಜೊತೆಗೆ ಸ್ಕ್ರೂ ತಲೆಯ ಕೆಳಗೆ ಅಡ್ಡಕ್ಕೂ ಬಾಗುತ್ತದೆ. ಅಡ್ಡಕ್ಕೆ ಬಾಗಿದ ಕೂಡಲೇ ಎರಡು ಬದಿಗಳ ನಡುವಿನ ಅಂತರ ಬದಲಾಗುತ್ತದೆ. ಮುಚ್ಚಳ ಬಂದದ್ದು ಒಂದೇ ಅಳತೆಯಲ್ಲಿ, ನೆಟ್ಟಗೆ. ಬಗ್ಗಿದ ತಳಕ್ಕೆ ನೆಟ್ಟಗಿನ ಮುಚ್ಚಳ ಹಾಕಿ ಕೈಯಿಂದ ಗುದ್ದಿದರೆ ಆ ಕ್ಷಣಕ್ಕೆ ಕೂರುತ್ತದೆ, ಮಧ್ಯಾಹ್ನದ ಸೆಖೆಗೆ ಬಿಡುತ್ತದೆ. ಸ್ಕ್ರೂ ಇರುವ ಜಾಗದ ಅಕ್ಕಪಕ್ಕವೇ ಮೊದಲು ಬಿಡುವುದು, ಗಮನಿಸಿ ನೋಡಿ.

ಆದ್ದರಿಂದ ಇಡೀ ಕೆಲಸಕ್ಕೆ ಒಂದೇ ನಿಯಮ. ಪಟ್ಟಿ ಗೋಡೆಯ ಹಾಗೆ ಬಗ್ಗಬಾರದು. ಗೋಡೆಯ ಉಬ್ಬುಗಳ ಮೇಲೆ ಪಟ್ಟಿ ನೆಟ್ಟಗೆ ಕೂರಬೇಕು, ತಗ್ಗುಗಳಿಗೆ ನಾವು ಹಿಂದಿನಿಂದ ಆಧಾರ ಕೊಡಬೇಕು. ಸಂದು ಕಾಣುತ್ತದಲ್ಲಾ ಎಂದರೆ, ಕಾಣಲಿ, ಅದನ್ನು ಕೊನೆಗೆ ಮುಚ್ಚಬಹುದು.

ಮೊದಲು ಗೋಡೆ ಓದಿಕೊಳ್ಳಿ. ಕತ್ತಲಾದ ಮೇಲೆ ಲೈಟ್ ಆರಿಸಿ, ಟಾರ್ಚನ್ನು ಗೋಡೆಗೆ ತಾಗುವಷ್ಟು ಹತ್ತಿರ ಇಟ್ಟು ಗೋಡೆಯ ಉದ್ದಕ್ಕೇ ಬೆಳಕು ಬಿಡಿ. ಹಗಲಲ್ಲಿ ಸಪಾಟು ಅನಿಸಿದ ಗೋಡೆಯ ಮೇಲೆ ಪ್ರತಿ ಉಬ್ಬಿಗೂ ಒಂದು ನೆರಳು ಬೀಳುತ್ತದೆ. ಪೆನ್ಸಿಲಿನಲ್ಲಿ ಗುರುತು ಮಾಡಿ. ಆಮೇಲೆ ಪಟ್ಟಿ ಹೋಗುವ ದಾರಿಯ ಎರಡು ತುದಿಗೂ ಮೊಳೆ ಹೊಡೆದು ನೂಲು ಎಳೆಯಿರಿ. ಮೇಸ್ತ್ರಿಗಳು ಕಟ್ಟುವ ಹಾಗೆಯೇ, ನೂಲು ಗೋಡೆಯಿಂದ ಒಂದಷ್ಟು ಹೊರಗೆ ಇರಲಿ. ಈಗ ಅಡಿಗೊಂದು ಕಡೆ ನೂಲಿನಿಂದ ಗೋಡೆಗೆ ಎಷ್ಟು ಅಂತ ಅಳೆದು ಅಲ್ಲೇ ಗೋಡೆ ಮೇಲೆ ಬರೆಯಿರಿ. ಎಲ್ಲಿ ಅಂತರ ಅತಿ ಕಡಿಮೆಯೋ ಅದು ನಿಮ್ಮ ಉಬ್ಬು. ಉಳಿದ ಕಡೆಯ ಲೆಕ್ಕದಿಂದ ಅದನ್ನು ಕಳೆದರೆ ಅಲ್ಲಲ್ಲಿ ಎಷ್ಟು ದಪ್ಪದ ಆಧಾರ ಬೇಕು ಅಂತ ಸಿಗುತ್ತದೆ. ಹತ್ತು ನಿಮಿಷದ ಕೆಲಸ ಇದು. ಇದನ್ನು ಬಿಟ್ಟು ನೇರ ಡ್ರಿಲ್ ಹಿಡಿದರೆ ಆಮೇಲೆ ಇಡೀ ದಿನ ಪಟ್ಟಿ ಕಳಚಿ ಹಾಕುವುದರಲ್ಲೇ ಹೋಗುತ್ತದೆ.

ಒಂದೇ ಒಂದು ಉಬ್ಬು ಮಾತ್ರ ಎದ್ದು ಕಾಣುತ್ತಿದೆ, ಬಾಕಿ ಎಲ್ಲ ಸರಿ ಇದೆ ಅಂತಾದರೆ ಆ ಉಬ್ಬನ್ನೇ ಕೆರೆದುಬಿಡಿ. ವರ್ಷಗಟ್ಟಲೆ ಸುಣ್ಣ ಹೊಡೆದು ಹೊಡೆದು ಹಕ್ಕಳೆ ಕಟ್ಟಿದ್ದೇ ಹೆಚ್ಚಿನ ಕಡೆ ಉಬ್ಬಾಗಿರುತ್ತದೆ, ಹಳೇ ಉಳಿಯಲ್ಲಿ ಕೆರೆದರೆ ಬರುತ್ತದೆ. ಗಾರೆಯನ್ನೇ ಕೆತ್ತಬೇಕಾಗಿ ಬಂದರೆ ನಿಲ್ಲಿಸಿ.

ದಾರಿಯ ಆಯ್ಕೆ ಬಗ್ಗೆಯೂ ಒಂದು ಮಾತು. ರಸಮಟ್ಟ ಇಟ್ಟು ಪಟ್ಟಿಯನ್ನು ಪಕ್ಕಾ ಸಮತಲ ಮಾಡಬೇಕು ಅಂತ ಹಠ ಬೇಡ. ಹಳೇ ಮನೆಯಲ್ಲಿ ಜಂತಿ, ಮುಚ್ಚಿಗೆ, ದಾರಂದ ಯಾವುದೂ ಸಮತಲದಲ್ಲಿ ಇರುವುದಿಲ್ಲ. ಮುಚ್ಚಿಗೆಯ ಅಡಿಯಲ್ಲೇ ಹೋಗುವ ಪಟ್ಟಿ ರಸಮಟ್ಟದ ಪ್ರಕಾರ ಸರಿ ಇದ್ದರೆ ಕಣ್ಣಿಗೆ ಸೊಟ್ಟ ಕಾಣುತ್ತದೆ, ಯಾಕೆಂದರೆ ಕಣ್ಣು ಅದನ್ನು ಹೋಲಿಸುವುದು ಪಕ್ಕದ ಮರದ ಗೆರೆಗೆ. ಹತ್ತಿರ ಯಾವ ಗೆರೆ ಇದೆಯೋ ಅದಕ್ಕೆ ಸಮಾನಾಂತರವಾಗಿ ಹೋಗಿ. ಕೆಳಗಿನಿಂದ ಮೇಲೆ ಹೋಗುವ ಪಟ್ಟಿಗೆ ಮಾತ್ರ ತೂಗುಗುಂಡು ಹಿಡಿಯಿರಿ, ಅದು ಓರೆಯಾದರೆ ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನೂ ಒಳ್ಳೆಯದು ಅಂದರೆ, ಆದಷ್ಟು ಗೋಡೆಯನ್ನೇ ಬಿಡಿ. ದಾರಂದದ ಬದಿ, ಜಂತಿಯ ಹೊಟ್ಟೆ, ಮುಚ್ಚಿಗೆ ಮತ್ತು ಗೋಡೆ ಸೇರುವ ಮೂಲೆಯ ಮರದ ಅಂಚು, ಇವೆಲ್ಲ ನೆಟ್ಟಗಿರುತ್ತವೆ, ಅರ್ಧ ಇಂಚಿನ ಸ್ಕ್ರೂ ಸಾಕು, ಡ್ರಿಲ್ ಹುಡಿಯ ಗಲಾಟೆ ಇಲ್ಲ. ನಿಮ್ಮ ಚಾವಡಿಯಿಂದ ಉಪ್ಪರಿಗೆಗೆ ಹೋಗುವ ದಾರಿಯಲ್ಲಿ ಅರ್ಧದಷ್ಟಾದರೂ ಹೀಗೆ ಮರದ ಮೇಲೆಯೇ ಹೋದೀತು ಅಂತ ನನ್ನ ಅಂದಾಜು. ಇನ್ನೊಂದು, ಮನೆಯಲ್ಲಿ ಹಳೇ ವೈರಿಂಗಿನ ಸಾಗುವಾನಿ ರೀಪುಗಳು ಇನ್ನೂ ಗೋಡೆ ಮೇಲಿವೆಯಾ ನೋಡಿ. ವೈರು ತೆಗೆದು ಬರೀ ರೀಪು ಉಳಿದಿದ್ದರೆ, ಗೆದ್ದಲು ಹಿಡಿಯದೆ ಗಟ್ಟಿ ಇದ್ದರೆ, ಅದಕ್ಕಿಂತ ಒಳ್ಳೆಯ ಆಧಾರ ಬೇಡವೇ ಬೇಡ. ಕೇಸಿಂಗನ್ನು ನೇರವಾಗಿ ಅದರ ಮೇಲೆ ಕೂರಿಸಿ. ರೀಪು ಕಿತ್ತು ಹಾಕಿದ್ದರೂ ಅದನ್ನು ಹಿಡಿದಿದ್ದ ಮರದ ಗುಟ್ಟಗಳು ಗೋಡೆಯೊಳಗೆ ಸುಣ್ಣದ ಅಡಿ ಇರುತ್ತವೆ. ಸ್ಕ್ರೂಡ್ರೈವರಿನ ಹಿಡಿಯಿಂದ ಆ ಗೆರೆಯಲ್ಲಿ ತಟ್ಟುತ್ತಾ ಹೋದರೆ ಶಬ್ದ ಬದಲಾಗುವ ಜಾಗದಲ್ಲಿ ಗುಟ್ಟ ಇದೆ.

ಈಗ ಡ್ರಿಲ್. ಸ್ಕ್ರೂ ಸುಮ್ನೆ ತಿರುಗುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ಅದು ಗಾರೆಯಲ್ಲಿ ಮಾತ್ರ ಇದೆ, ಕಲ್ಲಿಗೆ ಮುಟ್ಟೇ ಇಲ್ಲ, ಅಥವಾ ಎರಡು ಕಲ್ಲಿನ ನಡುವಿನ ಮಣ್ಣಿನಲ್ಲಿದೆ. ಒಳಗಿರುವ ಗಾರೆ ಸುಮಾರು 20, 25 ಮಿಮೀ ದಪ್ಪ ಇರಬಹುದು, ಹಳೇದು ಅಂದರೆ ಅಲ್ಲಲ್ಲಿ ಇನ್ನೂ ಜಾಸ್ತಿ. ಅಂಗಡಿಯಲ್ಲಿ ಕೇಸಿಂಗ್ ಜೊತೆ ಕೊಡುವ ಒಂದಿಂಚಿನ ಸ್ಕ್ರೂವೂ ಪುಟ್ಟ ರಾಲ್ ಪ್ಲಗ್ಗೂ (ಸ್ಕ್ರೂ ಹಿಡಿಯಲು ರಂಧ್ರದೊಳಗೆ ತೂರಿಸುವ ಪ್ಲಾಸ್ಟಿಕ್ ಬೆಣೆ) ಅಷ್ಟರಲ್ಲೇ ಮುಗಿದುಹೋಗುತ್ತದೆ. ಆ ಗಾರೆ ಬೆರಳಿನಲ್ಲಿ ಕೆರೆದರೆ ಉದುರುವಂಥದ್ದು, ಅದು ಏನನ್ನು ಹಿಡಿದೀತು?

ಕಲ್ಲು ಎಲ್ಲಿ ಶುರುವಾಗುತ್ತದೆ ಅಂತ ಡ್ರಿಲ್ಲಿನ ಹುಡಿಯೇ ಹೇಳುತ್ತದೆ. 6 ಮಿಮೀ ಬಿಟ್ ಹಾಕಿ, ಡ್ರಿಲ್ಲಿನ ಹ್ಯಾಮರ್ (ತಿರುಗುತ್ತಲೇ ಗುದ್ದುವ ವ್ಯವಸ್ಥೆ) ಆಫ್ ಮಾಡಿ, ನಿಧಾನ ಸ್ಪೀಡಿನಲ್ಲಿ ಶುರುಮಾಡಿ. ರಂಧ್ರದ ಅಡಿಯಲ್ಲಿ ಒಂದು ಬಿಳಿ ಕಾಗದ ಹಿಡಿಯಿರಿ. ಮೊದಲು ಬೀಳುವುದು ಬಿಳಿ ಅಥವಾ ಬೂದು ಹುಡಿ, ಅದು ಸುಣ್ಣ ಮತ್ತು ಗಾರೆ. ಆಮೇಲೆ ಇಟ್ಟಿಗೆ ಬಣ್ಣದ, ಬೆರಳಿಗೆ ತರಿತರಿ ಸಿಗುವ ಹುಡಿ ಬಂದರೆ ಕಲ್ಲು ಸಿಕ್ಕಿತು, ಬಿಟ್ ಒಂದೇ ಸಮನೆ ತಡೆದುಕೊಂಡು ಒಳಗೆ ಹೋಗುತ್ತದೆ. ಹಾಗಲ್ಲದೆ ಹಳದಿ ಮಿಶ್ರ ಕಂದು ಬಣ್ಣದ, ಪೌಡರಿನಂತೆ ನಯವಾದ ಹುಡಿ ಬಂದು ಬಿಟ್ ತಟ್ಟನೆ ಒಳಗೆ ಜಾರಿದರೆ ನೀವು ಕಲ್ಲಿನ ಜೋಡಣೆಯ ಮಣ್ಣಿನಲ್ಲಿದ್ದೀರಿ. ಅಲ್ಲಿ ಪ್ಲಗ್ ಹಾಕಬೇಡಿ. ಮೇಲೆಯೋ ಕೆಳಗೋ ನಾಲ್ಕೈದು ಸೆಂಟಿಮೀಟರ್ ಸರಿದರೆ ಕಲ್ಲು ಸಿಗುತ್ತದೆ. ಆದರೆ ಪಟ್ಟಿ ಅಡ್ಡಕ್ಕೆ ಹೋಗುತ್ತಿದ್ದರೆ ಇಡೀ ಪಟ್ಟಿಯೇ ಮಣ್ಣಿನ ಗೆರೆಯ ಮೇಲೆ ಕೂತಿರುವ ಸಾಧ್ಯತೆ ಇದೆ, ಆಗ ಪಟ್ಟಿಯ ದಾರಿಯನ್ನೇ ಅಷ್ಟು ಮೇಲೆ ಕೆಳಗೆ ಮಾಡುವುದು ಉತ್ತಮ. ಆದ್ದರಿಂದಲೇ ಇಡೀ ಉದ್ದಕ್ಕೆ ರಂಧ್ರ ಹೊಡೆಯುವ ಮೊದಲು ಆಚೆ ತುದಿ ಈಚೆ ತುದಿ ಒಂದೊಂದು ಹೊಡೆದು ನೋಡಿ.

ಹ್ಯಾಮರ್ ಯಾಕೆ ಬೇಡ ಅಂದರೆ, ಕೆಂಪುಕಲ್ಲು ಕರಿಕಲ್ಲಿನ ಹಾಗಲ್ಲ. ಕೋರೆಯಲ್ಲಿ ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಬೇಕಲ ಕೋಟೆ ಅದೇ ಕಲ್ಲಿನಲ್ಲಿ ನಿಂತಿದೆ, ಅಂದರೆ ಶಕ್ತಿಯ ಬಗ್ಗೆ ಅನುಮಾನ ಬೇಡ. ಆದರೆ ಒಳಗೆಲ್ಲ ಸಣ್ಣ ಸಣ್ಣ ಪೊಟರೆ, ಕೆಲವದರಲ್ಲಿ ಜೇಡಿ ತುಂಬಿರುತ್ತದೆ. ಹ್ಯಾಮರಿನಲ್ಲಿ ಹೊಡೆದರೆ ಆ ಪೊಟರೆಗಳ ನಡುವಿನ ತೆಳು ಗೋಡೆ ಒಡೆದು 6 ಮಿಮೀ ರಂಧ್ರ 8 ಆಗುತ್ತದೆ, ಮೇಲಿನ ಗಾರೆಯೂ ಬಿಲ್ಲೆಯಾಗಿ ಎದ್ದು ಬರುತ್ತದೆ. ಬರೀ ತಿರುಗುವ ಡ್ರಿಲ್ಲಿಗೇ ಈ ಕಲ್ಲು ದಾರಿ ಕೊಡುತ್ತದೆ.

ರಂಧ್ರ ಕಲ್ಲಿನೊಳಗೆ 30 ಮಿಮೀ ಆದರೂ ಹೋಗಬೇಕು. ಗಾರೆ 20 ಇದ್ದರೆ ಒಟ್ಟು 50ಕ್ಕಿಂತ ಸ್ವಲ್ಪ ಜಾಸ್ತಿ. ಬಿಟ್ಟಿನ ಮೇಲೆ ಅಷ್ಟು ಉದ್ದಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಇಟ್ಟುಕೊಳ್ಳಿ. ಹುಡಿಯನ್ನು ಊದಿ ತೆಗೆಯಿರಿ, ಕಣ್ಣು ಜೋಪಾನ, ಸೈಕಲ್ ಪಂಪು ಇದ್ದರೆ ಇನ್ನೂ ಒಳ್ಳೆಯದು. ಪ್ಲಗ್ಗನ್ನು ಗಾರೆ ದಾಟಿಸಿ ಕಲ್ಲಿನೊಳಗೆ ತಳ್ಳಬೇಕು, ಮೊಳೆಯೊಂದನ್ನು ಹಿಂದಿನಿಂದ ಇಟ್ಟು ಮೆಲ್ಲಗೆ ತಟ್ಟಿದರೆ ಹೋಗುತ್ತದೆ. ಸ್ಕ್ರೂ 50 ಅಥವಾ 60 ಮಿಮೀ ಉದ್ದದ್ದು, ಸ್ಟೇನ್‌ಲೆಸ್ ಸ್ಟೀಲ್. ಕರಾವಳಿ ಗಾಳಿಗೂ ತೇವದ ಗೋಡೆಗೂ ಸಾದಾ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು ಸುಣ್ಣದ ಮೇಲೆ ಕಂದು ಕಣ್ಣೀರು ಇಳಿಸುತ್ತದೆ. ಸ್ಕ್ರೂವಿನ ತಲೆ ಚಪ್ಪಟೆ ಅಡಿ ಇರುವಂಥದ್ದೇ ಬೇಕು. ಆಲಿಕೆ ಆಕಾರದ ತಲೆ ಪ್ಲಾಸ್ಟಿಕ್ಕನ್ನು ಸೀಳುತ್ತದೆ, ಬಿಗಿ ಮಾಡಿದಷ್ಟೂ ತಳವನ್ನು ಒಳಗೆ ಎಳೆಯುತ್ತದೆ. ಅದು ಮಾತ್ರ ಸಿಕ್ಕಿದರೆ ತಲೆಯ ಕೆಳಗೆ ಒಂದು ವಾಷರ್ ಹಾಕಿ.

ಈಗಾಗಲೇ ದೊಡ್ಡದಾದ ರಂಧ್ರಗಳಿಗೆ ಏನು ಮಾಡುವುದು? 8 ಮಿಮೀ ಉದ್ದನೆ ಪ್ಲಗ್ ಹಿಡಿದರೆ ಸರಿ. ಹಿಡಿಯದಿದ್ದರೆ ಹಳೇ ವೈರ್‌ಮನ್‌ಗಳ ಉಪಾಯವೇ ಗತಿ, ಅದು ಇವತ್ತಿಗೂ ಎಲ್ಲಕ್ಕಿಂತ ಗಟ್ಟಿ. ಚೆನ್ನಾಗಿ ಒಣಗಿದ ಸಾಗುವಾನಿ ಅಥವಾ ಹಲಸಿನ ಚೂರಿನಿಂದ ಒಂದು ಗುಟ್ಟ ಮಾಡಿ, ಒಳಗೆ ಹೋಗುವ ತುದಿ ಅಗಲ, ಹೊರಗಿನ ತುದಿ ಸ್ವಲ್ಪ ಸಣ್ಣ, ಹಾಗೆ ಇದ್ದರೆ ಎಳೆದರೂ ಬರುವುದಿಲ್ಲ. ರಂಧ್ರವನ್ನು ಉಳಿಯಲ್ಲಿ ಅದಕ್ಕೆ ತಕ್ಕಷ್ಟು ಅಗಲ ಮಾಡಿ, ಹುಡಿ ತೆಗೆದು, ನೀರು ಚಿಮುಕಿಸಿ, ಒಂದಕ್ಕೆ ಮೂರು ಸಿಮೆಂಟ್ ಮರಳು ತುಂಬಿ, ಗುಟ್ಟ ಒತ್ತಿ ಎರಡು ಮೂರು ದಿನ ಬಿಡಿ. ಇಷ್ಟು ಸಣ್ಣ ಜಾಗದ ಸಿಮೆಂಟಿನಿಂದ ಗೋಡೆಗೆ ತೊಂದರೆ ಇಲ್ಲ. ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ತುಂಬಬೇಡಿ. ಬೇಗ ಗಟ್ಟಿಯಾಗುತ್ತದೆ ಅಂತ ಎಲ್ಲರೂ ಅದನ್ನೇ ಹಾಕುತ್ತಾರೆ, ಆದರೆ ತೇವ ತಾಗಿದರೆ ಮೆತ್ತಗಾಗುತ್ತದೆ, ಒಳಗಿನ ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತದೆ.

ಸ್ಕ್ರೂಗಳ ಅಂತರ ಸಾಮಾನ್ಯವಾಗಿ 40ರಿಂದ 50 ಸೆಂಟಿಮೀಟರ್. ನಿಮ್ಮ ಗೋಡೆಯಲ್ಲಿ ಆ ಲೆಕ್ಕವನ್ನು ಕಣ್ಣು ಮುಚ್ಚಿ ಹಿಡಿಯಬೇಡಿ. ಉಬ್ಬು ಎಲ್ಲಿದೆಯೋ ಅಲ್ಲಿ ಮೊದಲ ಸ್ಕ್ರೂ, ಪಟ್ಟಿಯ ಎರಡು ತುದಿಯಿಂದ ಒಳಗೆ 5 ಸೆಂಟಿಮೀಟರಿನಲ್ಲಿ ಒಂದೊಂದು, ಆಮೇಲೆ ನಡುವೆ ಎಲ್ಲಿ ಒಳ್ಳೆಯ ಕಲ್ಲು ಸಿಗುತ್ತದೋ ಅಲ್ಲಿ. ತಳದ ರಂಧ್ರವನ್ನು ಸ್ಕ್ರೂವಿಗಿಂತ ಒಂದು ಮಿಮೀ ದೊಡ್ಡದು ಮಾಡಿ, ಪಟ್ಟಿಯ ಉದ್ದಕ್ಕೆ ಸ್ವಲ್ಪ ಎಳೆದ ಹಾಗಿದ್ದರೆ ಇನ್ನೂ ಉತ್ತಮ.

ತಗ್ಗಿನಲ್ಲಿ ಬರುವ ಪ್ರತಿ ಸ್ಕ್ರೂವಿನ ಹಿಂದೆ ಆಧಾರ. ಉಳಿದ ಕೇಸಿಂಗ್ ತಳದಿಂದಲೇ ಚದರ ಚೂರು ಕತ್ತರಿಸಿ, ನಡುವೆ ರಂಧ್ರ ಮಾಡಿ, ನೂಲಿನ ಲೆಕ್ಕದಲ್ಲಿ ಬರೆದಿಟ್ಟ ದಪ್ಪ ಬರುವಷ್ಟು ಒಂದರ ಮೇಲೊಂದು ಇಡಿ. ನೈಲಾನ್ ವಾಷರೂ ಆಗುತ್ತದೆ. ರಟ್ಟು, ಪೇಪರ್ ಮಡಚಿ ಇಡಬೇಡಿ, ತೇವಕ್ಕೆ ಕುಸಿಯುತ್ತದೆ, ಗೆದ್ದಲಿಗೂ ಕರೆ ಕೊಟ್ಟಂತೆ. ತಗ್ಗು 10 ಮಿಮೀಗಿಂತ ಜಾಸ್ತಿ ಇದ್ದರೆ ಸ್ವಲ್ಪ ಎಂ-ಸೀಲ್ (ಕಲಸಿ ಹಚ್ಚುವ ಎಪಾಕ್ಸಿ ಅಂಟು) ಉಂಡೆ ಮಾಡಿ ಚೂರುಗಳ ಹಿಂದೆ ಒತ್ತಿದರೆ ಗೋಡೆಯ ಒರಟಿಗೆ ತಾನೇ ಹೊಂದಿಕೊಂಡು ಗಟ್ಟಿಯಾಗುತ್ತದೆ. ಸ್ಕ್ರೂವನ್ನು ಕೈಯಿಂದಲೇ ತಿರುಗಿಸಿ, ತಲೆ ತಳಕ್ಕೆ ತಾಗಿ ಪಟ್ಟಿ ಅಲುಗಾಡುವುದು ನಿಂತ ಕೂಡಲೇ ನಿಲ್ಲಿಸಿ. ಇಲ್ಲಿ ಡ್ರಿಲ್ ಡ್ರೈವರ್ ಹಿಡಿದು ಕಿರ್ ಅನಿಸಿದರೆ ಇಷ್ಟೆಲ್ಲ ಮಾಡಿದ್ದು ಹಾಳು. ಪ್ರತಿ ಸ್ಕ್ರೂ ಆದ ಮೇಲೆ ಮುಚ್ಚಳದ ಒಂದು ಗೇಣುದ್ದದ ಚೂರನ್ನು ಆ ಜಾಗದಲ್ಲಿ ಕೂರಿಸಿ ನೋಡಿ. ಟಕ್ ಅಂತ ಕೂತು ಬೆರಳಿನಿಂದ ಜಾರಿಸಿದರೆ ಜಾರಬೇಕು. ಬಿಗಿಯಾದರೆ ಸ್ಕ್ರೂ ಅರ್ಧ ಸುತ್ತು ಹಿಂದೆ.

ಪಟ್ಟಿಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಬೇಡಿ. ಪಿವಿಸಿ ಸೆಖೆಗೆ ಹಿಗ್ಗುತ್ತದೆ, ಎರಡು ಮೀಟರಿನ ಪಟ್ಟಿ 15 ಡಿಗ್ರಿ ಏರಿಳಿತಕ್ಕೆ ಸುಮಾರು 2 ಮಿಮೀ. ಹಂಚಿನ ಅಡಿಯ ಉಪ್ಪರಿಗೆಯಲ್ಲಿ ಏಪ್ರಿಲ್ ಮಧ್ಯಾಹ್ನಕ್ಕೂ ಜನವರಿ ಬೆಳಗಿಗೂ ಅಷ್ಟು ವ್ಯತ್ಯಾಸ ಧಾರಾಳ ಇದೆ. ಜೋಡಣೆಯಲ್ಲಿ ಎರಡು ಮೂರು ಮಿಮೀ ಬಿಡಿ, ಆ ಬಿಟ್ಟ ಜಾಗ ಮುಚ್ಚಳದ ಅಡಿ ಅಡಗುತ್ತದೆ, ಯಾಕೆಂದರೆ ಮುಚ್ಚಳದ ಜೋಡಣೆ ತಳದ ಜೋಡಣೆಯ ಮೇಲೆಯೇ ಬರಬಾರದು. ಒಂದಡಿ ಆಚೀಚೆ ಆಗಲಿ. ಆಗ ಮುಚ್ಚಳವೇ ಎರಡು ತಳಗಳನ್ನು ಒಂದು ಗೆರೆಯಲ್ಲಿ ಹಿಡಿದಿಡುತ್ತದೆ. ಮೂಲೆಗಳಲ್ಲಿ 45 ಡಿಗ್ರಿ ಕತ್ತರಿಸುವ ಕಷ್ಟ ಬೇಡ, ಹಳೇ ಗೋಡೆಯ ಮೂಲೆ 90 ಇರುವುದೇ ಇಲ್ಲ. ಅಂಗಡಿಯಲ್ಲಿ ಸಿಗುವ ರೆಡಿ ಮೂಲೆ ತುಂಡು ಹಾಕಿ, ಸಣ್ಣ ವ್ಯತ್ಯಾಸ ಅದರ ಅಡಿ ಹೋಗುತ್ತದೆ.

ಇನ್ನು ಸಂದು. ಐದಾರು ಮಿಮೀ ಒಳಗಿನದ್ದಕ್ಕೆ ಅಕ್ರಿಲಿಕ್ ಸೀಲಂಟ್ ಸಾಕು, ಅದರ ಮೇಲೆ ಬಣ್ಣ ಹಿಡಿಯುತ್ತದೆ. ಸಿಲಿಕೋನ್ ಮೇಲೆ ಬಣ್ಣವೂ ಹಿಡಿಯುವುದಿಲ್ಲ, ಸುಣ್ಣವೂ ಹಿಡಿಯುವುದಿಲ್ಲ. ಸೀಲಂಟ್ ಹಾಕುವ ಎರಡಿಂಚು ಅಗಲದ ಸುಣ್ಣ ಕೆರೆದು, ಒದ್ದೆ ಬ್ರಷ್ಷಿನಲ್ಲಿ ಉಜ್ಜಿ, ಒಣಗಿಸಿ, ನೀರು ಬೆರೆಸಿದ ಪ್ರೈಮರ್ ಒಂದು ಕೈ ಹೊಡೆಯಿರಿ. ಅದಕ್ಕಿಂತ ದೊಡ್ಡ ಸಂದಿದ್ದರೆ ಸೀಲಂಟ್ ಸುರಿಯುತ್ತಾ ಕೂರಬೇಡಿ. ಸುಣ್ಣ ಮತ್ತು ನಯ ಮರಳಿನ ಗಾರೆ ಕಲಸಿ ಪಟ್ಟಿಯ ಅಂಚಿನಿಂದ ಗೋಡೆ ಕಡೆಗೆ ಒಂದು ಗೇಣು ಅಗಲಕ್ಕೆ ತೆಳ್ಳಗೆ ಇಳಿಸಿಬಿಡಿ. ಮುಂದಿನ ಸಲ ಸುಣ್ಣ ಹೊಡೆದಾಗ ತಗ್ಗು ಇತ್ತು ಅಂತಲೇ ಗೊತ್ತಾಗುವುದಿಲ್ಲ. ಗಾರೆ ಮುಚ್ಚಳಕ್ಕೆ ತಾಗಬಾರದು, ತಾಗಿದರೆ ನಾಳೆ ಮುಚ್ಚಳ ತೆಗೆಯಲು ಗಾರೆ ಒಡೆಯಬೇಕು. ಸಂದು ಮುಚ್ಚುವುದು ಬರೀ ಚಂದಕ್ಕಲ್ಲ. ಬಿಟ್ಟರೆ ಇರುವೆ ಸಾಲು, ಹಲ್ಲಿ, ಮಣ್ಣಿನ ಗೂಡು ಕಟ್ಟುವ ಕಣಜ ಎಲ್ಲ ಅಲ್ಲೇ ಸಂಸಾರ ಹೂಡುತ್ತವೆ.

ಕರೆಂಟ್ ವಿಷಯ. ಇಂಟರ್ನೆಟ್ ಕೇಬಲನ್ನೂ ಪ್ಲಗ್ ಪಾಯಿಂಟಿನ ವೈರನ್ನೂ ಒಂದೇ ಪಟ್ಟಿಯಲ್ಲಿ ಹಾಕಬೇಡಿ. ಬೇರೆ ಬೇರೆ ಪಟ್ಟಿ, ನಡುವೆ ಕೆಲವು ಇಂಚು ಅಂತರ, ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಲಿ. ಇದು ಸಿಗ್ನಲ್‌ಗಿಂತ ಹೆಚ್ಚಾಗಿ ಜೀವದ ಪ್ರಶ್ನೆ, ಇಲಿ ಕಡಿದರೆ 230 ವೋಲ್ಟ್ ಹೋಗಿ ನಿಲ್ಲುವುದು ಮಗುವಿನ ಮುಂದಿರುವ ಲ್ಯಾಪ್‌ಟಾಪಿನಲ್ಲಿ. ಇಂಟರ್ನೆಟ್‌ಗೆ ಹಾಕುವ ಕ್ಯಾಟ್ 6 ಕೇಬಲ್ ನೂರು ಮೀಟರ್ ತನಕ ಆರಾಮ ನಡೆಯುತ್ತದೆ, ನಿಮಗೆ ಅಷ್ಟೆಲ್ಲ ಬೇಡ. ಅದನ್ನು ಮೂಲೆಯಲ್ಲಿ ಮಡಚಬೇಡಿ, ತಿರುವಿಗೆ 25 ಮಿಮೀ ತ್ರಿಜ್ಯ ಆದರೂ ಸಿಗಲಿ. ಇಷ್ಟು ನೀವೇ ಮಾಡಬಹುದು.

ಪ್ಲಗ್ ಪಾಯಿಂಟಿಗೆ ಪಟ್ಟಿ ಕೂರಿಸುವ ತನಕ ನಿಮ್ಮ ಕೆಲಸ, ವೈರು ಎಳೆದು ಜೋಡಿಸುವುದು ಪರ್ಮಿಟ್ ಇರುವ ವೈರ್‌ಮನ್‌ದು. ಕೇರಳದಲ್ಲಿ ಕಾನೂನೂ ಹಾಗೇ ಇದೆ, ಆದರೆ ಕಾನೂನಿಗಾಗಿ ಹೇಳುತ್ತಿಲ್ಲ, ಹಳೇ ಮನೆಯ ಅರ್ತಿಂಗ್ ಸ್ಥಿತಿ ನೋಡದೆ ಹೊಸ ಪಾಯಿಂಟ್ ಕೊಡುವುದು ಅಪಾಯ. ಕಂಪ್ಯೂಟರ್ ಮಟ್ಟಿಗಿನ 6 ಆಂಪಿಯರ್ ಪ್ಲಗ್ಗಿಗೆ 1.5 ಚದರ ಮಿಮೀ ವೈರು, ಇಸ್ತ್ರಿ ಪೆಟ್ಟಿಗೆ, ಹೀಟರ್ ಹಾಕುವ ಯೋಚನೆ ಇದ್ದರೆ 16 ಆಂಪಿಯರ್ ಪ್ಲಗ್, 2.5ರ ವೈರು. ಅರ್ತ್ ವೈರು ಜೊತೆಯಲ್ಲೇ ಬರಬೇಕು. ಮನೆಗೆ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಪ್ಲಗ್ ಪಾಯಿಂಟಿಗಿಂತ ಮೊದಲು ಅದನ್ನು ಹಾಕಿಸಿ, ದಯವಿಟ್ಟು. ಪಟ್ಟಿಯೊಳಗಿನ ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ ತುಂಬಿರಲಿ, 40 ಪರ್ಸೆಂಟ್ ಸರಿ. ತುರುಕಿದರೆ ವೈರು ಬಿಸಿಯಾಗುತ್ತದೆ, ಮುಚ್ಚಳವೂ ಒಳಗಿಂದ ದೂಡಿಸಿಕೊಂಡು ಏಳುತ್ತದೆ. ಡ್ರಿಲ್ ಮಾಡುವಾಗ ಮೈನ್ ಆಫ್ ಮಾಡಿ, ನೆರೆಮನೆಯಿಂದ ಲೈನ್ ಎಳೆಯುವ ಬದಲು ಬ್ಯಾಟರಿ ಡ್ರಿಲ್ ಬಾಡಿಗೆಗೆ ತನ್ನಿ.

ಕೇಸಿಂಗ್ ಬೇಡವೇ ಬೇಡ ಅನ್ನುವ ಜಾಗಗಳೂ ಇವೆ. ಬಚ್ಚಲು, ಅಡುಗೆಮನೆಯ ನೀರಿನ ಬದಿ, ನೆಲದಿಂದ ಎರಡು ಮೂರು ಅಡಿ ತನಕ ತೇವ ಏರುವ ಗೋಡೆ. ತೇವ ಇದೆಯಾ ಅಂತ ಗೊತ್ತಾಗದಿದ್ದರೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಗಾಳಿ ಹೋಗದ ಹಾಗೆ ಗೋಡೆಗೆ ಹಚ್ಚಿ ಒಂದು ದಿನ ಬಿಡಿ. ಒಳಬದಿಯಲ್ಲಿ ನೀರ ಹನಿ ಕಂಡರೆ ಅಲ್ಲಿ ಗೋಡೆಯ ಹೊರಗೇ ಹೋಗುವ, ಸುತ್ತಲೂ ಮುಚ್ಚಿದ ಪೈಪೇ ಸರಿ. ನಿಜ ಹೇಳಬೇಕೆಂದರೆ, ನೂಲು ಎಳೆದು ಅಳೆದಾಗ ಎರಡು ಮೀಟರಿನೊಳಗೆ 20 ಮಿಮೀಗಿಂತ ಜಾಸ್ತಿ ಏರುಪೇರು ಕಂಡರೆ ಒಣಗಿದ ಗೋಡೆಯಲ್ಲೂ ನಾನು ಚಪ್ಪಟೆ ಪಟ್ಟಿ ಬಿಟ್ಟು ಉರುಟು ಪಿವಿಸಿ ಪೈಪನ್ನೇ ಆರಿಸುತ್ತೇನೆ. ಅದು ಕ್ಲಾಂಪಿನಿಂದ ಕ್ಲಾಂಪಿಗೆ ನೆಟ್ಟಗೆ ಹೋಗುತ್ತದೆ, ಕ್ಲಾಂಪಿನ ಅಡಿಗೆ ಬೇಕಾದಷ್ಟು ದಪ್ಪದ ಚೂರು ಇಡಬಹುದು, ಹಿಂದೆ ಸಂದು ಇದ್ದರೂ ಯಾರ ಕಣ್ಣಿಗೂ ತಪ್ಪು ಅನಿಸುವುದಿಲ್ಲ, ತೆರೆದುಕೊಳ್ಳಲು ಮುಚ್ಚಳವೇ ಇಲ್ಲ. ಮೇಲಿಂದ ಸುಣ್ಣವನ್ನೋ ಕಾವಿಯನ್ನೋ ಹೊಡೆದರೆ ಹಳೇ ಮನೆಗೆ ಚೆನ್ನಾಗಿಯೇ ಒಪ್ಪುತ್ತದೆ. ಇಲ್ಲವಾದರೆ ನೆಟ್ಟಗಿನ ಮರದ ರೀಪನ್ನು ನಾಲ್ಕು ಕಡೆ ಉದ್ದ ಸ್ಕ್ರೂವಿನಲ್ಲಿ ಕೂರಿಸಿ ಅದರ ಮೇಲೆ ಕೇಸಿಂಗ್. ಅಡಿಕೆ ಮರದ ಸಲಕೆ ತೋಟದಲ್ಲೇ ಸಿಗುತ್ತದೆ ನಿಜ, ಆದರೆ ಗೆದ್ದಲಿನ ಎಣ್ಣೆ ಹೊಡೆಯದೆ ಅದನ್ನು ಗೋಡೆಗೆ ತಾಗಿಸಬೇಡಿ.

ಅಂಟು, ಗಾರೆ, ಸೀಲಂಟ್ ಯಾವುದಕ್ಕೂ ಒಣ ಗೋಡೆ ಬೇಕು, ಹಾಗಾಗಿ ಈ ಕೆಲಸಕ್ಕೆ ಡಿಸೆಂಬರಿನಿಂದ ಮೇ ನಡುವಿನ ತನಕದ ಕಾಲ ಒಳ್ಳೆಯದು. ಅಲ್ಲಿಯ ತನಕ ಮಗುವಿನ ಕ್ಲಾಸು ನಿಲ್ಲಬಾರದು ಅಂತಾದರೆ ಇಂಟರ್ನೆಟ್ ಕೇಬಲ್ ಒಂದನ್ನು ಮಾತ್ರ ಮೊಳೆ ಇರುವ ಕ್ಲಿಪ್ಪಿನಲ್ಲಿ ದಾರಂದ, ಜಂತಿಗಳ ಮೇಲೆ ಹಾಯಿಸಿ. ಪಟ್ಟಿ ಬಂದ ಮೇಲೆ ಅದೇ ಕೇಬಲನ್ನು ಒಳಗೆ ಹಾಕಬಹುದು, ಉದ್ದ ಮಾತ್ರ ಎರಡು ಮೀಟರ್ ಜಾಸ್ತಿಯೇ ಇರಲಿ.